ಗಿಡ್ಡಗಾಲಿನ ಯಂತ್ರವೂ ‘ಚಲನದರ್ಪಣ’ವೂ

“ಇಪ್ಪತ್ತೇಳು ವರ್ಷದಿಂದ ಚಲನೆಯ ಪಾಠ ಹೇಳ್ತಾ ಇರೋನು ನಾನು. ಒಂದು ಬಟ್ಟೆ ಒಗೆಯೋ ಮೆಷಿನ್ನು ನನ್ನ ಮಾತು ಕೇಳಲ್ಲ ಅಂದ್ರೆ ಏನರ್ಥ? ಇವತ್ತು ನನ್ನ ಪ್ಯಾಂಟು ನಾನೇ ಒಗೀತೀನಿ!”

ಬೆಳಗಿನ ಎಂಟೂವರೆಗೆ, ಸೊಂಟಕ್ಕೆ ಟವೆಲು ಸುತ್ತಿ, ಹೆಗಲ ಮೇಲೆ ಬೂದುಬಣ್ಣದ ಪ್ಯಾಂಟನ್ನು ಉತ್ತರೀಯದಂತೆ ಇಳಿಬಿಟ್ಟು, ಭೌತಶಾಸ್ತ್ರದ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ಘೋಷಣೆಯನ್ನು ಹೊರಡಿಸಿದರು. ಅವರ ಹೆಂಡತಿ ಒಲೆಯ ಮೇಲಿನಿಂದ ಕಣ್ಣನ್ನೂ ಎತ್ತಲಿಲ್ಲ.

“ಅಲ್ಲಿಟ್ಟು ಹೋಗಿ, ನಾನು ಹಾಕ್ತೀನಿ. ಆ ಮೆಷಿನ್ನಿಗೆ ಒಂದು ಹದ ಇದೆ.”

“ಹದ ಅನ್ನೋದು ಹಿಟ್ಟಿಗೆ! ಯಂತ್ರಕ್ಕಿರೋದು ನಿಯಮ!”

ಸ್ಥಾವರ ಜಂಗಮಗಳೆರಡಕ್ಕೂ ಒಡೆಯನಾದ ಭಗವಂತನು ಈ ಮಾತನ್ನು ಕೇಳಿಸಿಕೊಂಡು ಮುಗುಳ್ನಕ್ಕಿರಬೇಕು. ಏಕೆಂದರೆ ಅಂದು ಮೇಷ್ಟ್ರ ಪಾಲಿಗೆ ಸಾಮಾನ್ಯ ದಿನವಾಗಿರಲಿಲ್ಲ. ಹನ್ನೊಂದು ಗಂಟೆಗೆ ಪಠ್ಯಸಮಿತಿಯ ಮೂವರು ಶಾಲೆಗೆ ಬರುವವರಿದ್ದರು. ಅವರೆದುರು ಮೇಷ್ಟ್ರು ವೇಗ, ವೇಗೋತ್ಕರ್ಷಗಳ ಬಗ್ಗೆ ಮಾದರಿ ಪಾಠ ಮಾಡಬೇಕು. ಪಾಠ ಮೆಚ್ಚುಗೆಯಾದರೆ ಮೇಷ್ಟ್ರೇ ಬರೆದ ‘ಚಲನದರ್ಪಣ’ವೆಂಬ ಕೈಪಿಡಿ ವಿದ್ಯಾರ್ಥಿಗಳ ಕೈಸೇರುವುದು. ಆರು ವರ್ಷಗಳಿಂದ ಆ ಗ್ರಂಥವು ಅಟ್ಟದ ಮೇಲೆ ಕಟ್ಟುಕಟ್ಟಾಗಿ ಮಲಗಿತ್ತು. ನಿಶ್ಚಲವಾದ ವಸ್ತು ಹೊರಗಿನಿಂದ ಬಲ ಬೀಳುವ ತನಕ ನಿಶ್ಚಲವಾಗಿಯೇ ಇರುತ್ತದೆಂಬ ತನ್ನ ಮೊದಲ ಪುಟದ ನಿಯಮವನ್ನು ಅದು ತಾನೇ ಅಕ್ಷರಶಃ ಪಾಲಿಸುತ್ತಿತ್ತು!

ಸಮಿತಿಯು ಇನ್ನೂ ಒಂದು ಷರತ್ತು ಹಾಕಿತ್ತು. ಪುಸ್ತಕದಿಂದ ಪ್ರಯೋಜನ ಪಡೆದವರು, ಒಬ್ಬರೇ ಆದರೂ ಸರಿ, ಸಹಿ ಮಾಡಿದ ಅಭಿಪ್ರಾಯವೊಂದನ್ನು ತರಬೇಕು. “ಸೂರ್ಯ ಬೆಳಕು ಕೊಡ್ತಾನೆ ಅನ್ನೋದಕ್ಕೆ ಯಾರ ಸಹಿ ಬೇಕು?” ಎಂದು ಮೇಷ್ಟ್ರು ವಾರವಿಡೀ ಗುಡುಗಿದ್ದರು. ಗುಡುಗಿಗೆ ಕಾರಣವಿಷ್ಟೇ: ಅಂಥ ಓದುಗ ಒಬ್ಬನೂ ಸಿಕ್ಕಿರಲಿಲ್ಲ. ಸಾಲದ್ದಕ್ಕೆ, ಇದ್ದ ಒಂದೇ ಸಭಾಯೋಗ್ಯ ಪ್ಯಾಂಟಿನ ಮೇಲೆ ಹಿಂದಿನ ಸಂಜೆ ಕೆಂಪು ಶಾಯಿಯ ಸೀಸೆ ಉರುಳಿತ್ತು.

ಬಚ್ಚಲುಮನೆಯಲ್ಲಿ ಮೇಷ್ಟ್ರು ಯಂತ್ರವನ್ನು ಪ್ರದಕ್ಷಿಣೆ ಹಾಕಿ ಪರೀಕ್ಷಿಸಿದರು. ಹಿಂಬದಿಯ ಒಂದು ಕಾಲಿನಡಿ ಕಪ್ಪಗೆ, ಲೋಳೆಲೋಳೆಯಾಗಿ ಏನೋ ಒಂದು ಮುದ್ದೆ ಕಂಡಿತು.

“ಇವಳೇ, ಈ ಕಾಲಡಿ ಏನಿದು ಕೊಳಕು?”

“ಅಯ್ಯೋ, ಅದನ್ನ ಮುಟ್ಟಬೇಡಿ! ಆ ಕಾಲು ಗಿಡ್ಡ. ಅದಿದ್ರೇನೇ ಮೆಷಿನ್ನು ನಿಲ್ಲೋದು!”

“ವಿಜ್ಞಾನದ ಮೇಷ್ಟ್ರ ಮನೇಲಿ ರಟ್ಟಿನ ಚೂರಿಗೆ ಇಷ್ಟು ಮರ್ಯಾದೆಯಾ? ಯಾರಾದ್ರೂ ನೋಡಿದ್ರೆ ನನ್ನ ಮಾನ ಏನಾಗಬೇಕು!”

ಎರಡೇ ಬೆರಳುಗಳಲ್ಲಿ, ಮುಖವನ್ನು ಅತ್ತ ತಿರುಗಿಸಿ, ಅದನ್ನೆತ್ತಿ ಬಾಗಿಲಾಚೆಯ ಕಸದ ಬುಟ್ಟಿಗೆ ಎಸೆದರು. ಯಂತ್ರ ತುಸು ವಾಲಿತು. ಮೇಷ್ಟ್ರು ಮೊಬೈಲಿನಲ್ಲಿದ್ದ ಮಟ್ಟಗೋಲನ್ನು, ಅಂದರೆ ಗುಳ್ಳೆ ತೋರಿಸಿ ಮಟ್ಟ ಅಳೆಯುವ ಆಪನ್ನು, ತೆರೆದು ಮುಚ್ಚಳದ ಮೇಲಿಟ್ಟರು. “ಎರಡು ಡಿಗ್ರಿ. ಪ್ರಯೋಗದೋಷದ ಮಿತಿಯೊಳಗೇ ಇದೆ!” ಎಂದು ತೀರ್ಪಿತ್ತರು. ಪ್ಯಾಂಟಿಗೆ ಜೊತೆಯಿರಲೆಂದು ಬಾಗಿಲ ಬಳಿಯ ದಪ್ಪ ಕಾಲೊರಸನ್ನೂ ಒಳಗೆ ತುರುಕಿ, ಗೃಹಿಣಿಯ ಹಸ್ತಕ್ಷೇಪ ಬೇಡವೆಂದು ಬಾಗಿಲಿಗೆ ಚಿಲಕ ಹಾಕಿಕೊಂಡರು.

ಒಗೆತ ಸಾಂಗವಾಗಿ ನೆರವೇರಿತು. ಮೇಷ್ಟ್ರು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತು ಪಾಠದ ಟಿಪ್ಪಣಿ ಓದುತ್ತಿದ್ದರು. ಒಂಬತ್ತೂಕಾಲು ಗಂಟೆಗೆ ಯಂತ್ರವು ಬಟ್ಟೆ ಹಿಂಡಲು ಆರಂಭಿಸಿತು.

ನೆನೆದು ಮಣಭಾರವಾದ ಕಾಲೊರಸು ಯಂತ್ರದೊಳಗೆ ತಿರುಗುವ ಪೀಪಾಯಿಯ ಒಂದೇ ಮಗ್ಗುಲಿಗೆ ಅಂಟಿಕೊಂಡಿತ್ತು. ತಿರುಗುವ ವೇಗ ಎರಡರಷ್ಟಾದರೆ ಅಂಥ ಭಾರದ ಸೆಳೆತ ನಾಲ್ಕರಷ್ಟಾಗುತ್ತದೆ. ವೇಗ ಮೂರರಷ್ಟಾದರೆ ಸೆಳೆತ ಒಂಬತ್ತರಷ್ಟು. ಈ ಸೂತ್ರವು ‘ಚಲನದರ್ಪಣ’ದಲ್ಲಿ ಚೌಕಟ್ಟಿನೊಳಗೆ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಚೌಕಟ್ಟು ಹಾಕಿಸಿದವರು ಮಾತ್ರ ಅದನ್ನು ಮರೆತಿದ್ದರು! ಯಂತ್ರ ಮೊದಲು ಗೊಣಗಿತು, ಆಮೇಲೆ ಗಡಗಡಿಸಿತು, ಕೊನೆಗೆ ಗಿಡ್ಡಗಾಲನ್ನು ನೆಲಕ್ಕೆ ಕುಟ್ಟುತ್ತ, ಯುದ್ಧಕ್ಕೆ ಹೊರಟ ಆನೆಯಂತೆ, ಮೇಷ್ಟ್ರ ಕಡೆಗೆ ನಡೆದು ಬಂದಿತು.

ನಡುಮನೆಯಲ್ಲಿ ಕುಳಿತಿದ್ದ ಮೇಷ್ಟ್ರ ತಾಯಿ ಕನ್ನಡಕ ಸರಿಪಡಿಸಿಕೊಂಡರು.

“ಏನೇ ಅದು ಸದ್ದು? ರೈಲೇನಾದ್ರೂ ಮನೆಯೊಳಗೆ ಬಂತಾ?”

“ಇಲ್ಲ ಅತ್ತೆ, ನಿಮ್ಮ ಮಗ ಬಟ್ಟೆ ಒಗೀತಾ ಇದಾರೆ.”

“ಹಾಗಾದ್ರೆ ರೈಲೇ ವಾಸಿಯಿತ್ತು.”

ಒಳಗೆ ಮೇಷ್ಟ್ರ ಬುದ್ಧಿ ಮಿಂಚಿನಂತೆ ಕೆಲಸ ಮಾಡಿತು. ಭಾರ ಹೆಚ್ಚಿದರೆ ಘರ್ಷಣೆ ಹೆಚ್ಚು. ಘರ್ಷಣೆ ಹೆಚ್ಚಿದರೆ ಯಂತ್ರ ನಿಲ್ಲಲೇಬೇಕು. ಆದಕಾರಣ ಅವರು ಟವೆಲನ್ನು ಬಿಗಿದುಕೊಂಡು, ಪಟ್ಟದಾನೆಯನ್ನೇರುವ ಅರಸನ ಠೀವಿಯಿಂದ ಯಂತ್ರದ ಮೇಲೆ ಹತ್ತಿ ಕುಳಿತರು. ತರ್ಕ ನಿರ್ದುಷ್ಟವಾಗಿತ್ತು, ಕುಳಿತ ಜಾಗ ಮಾತ್ರ ಗಿಡ್ಡಗಾಲಿನ ನೇರಕ್ಕೇ ಇತ್ತು. ಯಂತ್ರವು ಅವರನ್ನು ಹೊತ್ತುಕೊಂಡೇ ಮುಂದುವರಿಯಿತು!

“ರೀ! ಸ್ವಿಚ್ಚು ಆರಿಸಲಾ?” ಹೊರಗಿನಿಂದ ಹೆಂಡತಿ ಕೂಗಿದರು. ಸ್ವಿಚ್ಚು ಇದ್ದದ್ದು ಬಚ್ಚಲಿನ ಹೊರಗೋಡೆಯ ಮೇಲೆ.

“ಬೇ-ಬೇ-ಬೇಡ! ಅವ-ಲೋ-ಲೋ-ಕನ ಮಾಡ್ತಾ ಇದೀ-ನಿ-ನಿ!”

ನೀರು ಹೊರಬಿಡುವ ಕೊಳವೆ ಕಿತ್ತು ಬಂದು ಸೋಪಿನ ನೀರು ನೆಲದ ತುಂಬ ಹರಿಯಿತು. ಧಡ್ ಎಂದು ಯಂತ್ರ ಬಾಗಿಲಿಗೆ ಹೋಗಿ ಆತುಕೊಂಡಿತು. ಹೆಂಡತಿ ಸ್ವಿಚ್ಚು ಆರಿಸಿದರು. ಲೋಕ ಶಾಂತವಾಯಿತು.

“ಬಾಗಿಲು ತೆಗೀರಿ.”

“ತೆಗೀಬಹುದು. ತಾತ್ತ್ವಿಕವಾಗಿ ಏನೂ ಅಡ್ಡಿಯಿಲ್ಲ.”

“ತಾತ್ತ್ವಿಕ ಬಿಟ್ಟು?”

“ಬಾಗಿಲು ಒಳಗಡೆಗೆ ತೆರೆಯೋದು. ಮೆಷಿನ್ನು ಅಡ್ಡ ಬಂದಿದೆ.”

“ಗಂಟೆ ಒಂಬತ್ತೂವರೆ. ಪ್ಯಾಂಟು ಎಲ್ಲಿದೆ?”

“ಮೆಷಿನ್ನಲ್ಲಿದೆ. ನೀನೇನೂ ಹೆದರಬೇಡ. ಇದು ಕೇವಲ ಬಲದ ಪ್ರಶ್ನೆ!”

ಮೇಷ್ಟ್ರು ಯಂತ್ರದ ಮಗ್ಗುಲಿಗೆ ಕೈಯಿಟ್ಟು ಬಲವಾಗಿ ತಳ್ಳಿದರು. ಪ್ರತಿಯೊಂದು ಕ್ರಿಯೆಗೂ ಸಮನಾದ, ವಿರುದ್ಧವಾದ ಪ್ರತಿಕ್ರಿಯೆ ಉಂಟಷ್ಟೆ! ಯಂತ್ರ ಇದ್ದಲ್ಲೇ ಇತ್ತು. ಸೋಪಿನ ನೀರಿನ ಮೇಲೆ ಮೇಷ್ಟ್ರೇ ಸುಯ್ಯೆಂದು ಹಿಂದೆ ಜಾರಿ ಬಕೆಟ್ಟಿನ ಮೇಲೆ ಬಿದ್ದರು. ಎದ್ದರು, ತಳ್ಳಿದರು, ಜಾರಿದರು. ಮೂರನೆಯ ಸಲವೂ ಫಲಿತಾಂಶ ಅದೇ ಬಂದಿತು. ಪ್ರಯೋಗವೆಂದ ಮೇಲೆ ಹಾಗೆಯೇ ಬರಬೇಕು.

“ಏನ್ರೀ ಅದು ಬಕೆಟ್ ಸದ್ದು?”

“ಮೂರನೆಯ ನಿಯಮ!”

“ನಿಯಮ ಸಾಕು. ನೆಲದ ಮೇಲೆ ಕೂತ್ಕೊಳ್ಳಿ. ಬೆನ್ನು ಗೋಡೆಗೆ ಕೊಟ್ಟು ಎರಡೂ ಕಾಲಲ್ಲಿ ಪಕ್ಕಕ್ಕೆ ಒದೀರಿ. ನಾನು ಹೊಲಿಗೆ ಮೆಷಿನ್ನು ಸರಿಸೋದೇ ಹಾಗೆ.”

ಮೇಷ್ಟ್ರು ನೆಲದ ಮೇಲೆ ಕುಳಿತು ಬೆನ್ನನ್ನು ಗೋಡೆಗೆ ಕೊಟ್ಟರು. “ಅದನ್ನೇ ಹೇಳೋಕೆ ಬಾಯಿ ತೆಗೆದಿದ್ದೆ, ಅಷ್ಟರಲ್ಲಿ ನೀನೇ ಹೇಳಿಬಿಟ್ಟೆ!”

ಮೇಷ್ಟ್ರು ಜಾರಲು ಗೋಡೆ ಬಿಡಲಿಲ್ಲ. ಒದೆತವೆಲ್ಲ ಯಂತ್ರಕ್ಕೇ ಹೋಯಿತು. ಇಂಚಿಂಚಾಗಿ ಅದು ಸರಿದು, ಹತ್ತು ಗಂಟೆಗೆ ಬಾಗಿಲು ಅರ್ಧ ತೆರೆಯಿತು. ಹೆಂಡತಿ ಒದ್ದೆ ಪ್ಯಾಂಟನ್ನು ಎಳೆದುಕೊಂಡು ಹೋಗಿ ಇಸ್ತ್ರಿಪೆಟ್ಟಿಗೆ ಹಿಡಿದರು. ಹಬೆ ಮನೆಯನ್ನೆಲ್ಲ ತುಂಬಿತು. ಮೇಷ್ಟ್ರು ಹೊರಡುವಾಗ ಪ್ಯಾಂಟು ಮಂಡಿಯವರೆಗೆ ಒಣಗಿತ್ತು, ಕೆಳಗೆ ಜಿನುಗುತ್ತಿತ್ತು. ಬಾಗಿಲಲ್ಲಿ ಆಕೆ ಮಡಿಸಿದ ಕಾಗದವೊಂದನ್ನು ಅವರ ಜೇಬಿಗೆ ತುರುಕಿದರು.

“ಸಮಿತಿಯೋರು ಕೇಳಿದ್ರಲ್ಲ, ಪ್ರಯೋಜನ ಪಡೆದೋರ ಅಭಿಪ್ರಾಯ. ಸಿಕ್ಕಿದೆ.”

“ಹಾಂ! ಯಾರದು?”

“ನಿಮ್ಮ ಪುಸ್ತಕಾನ ದಿನಾ ಉಪಯೋಗಿಸೋರದು. ಓಡಿ, ಹತ್ತೂ ಮುಕ್ಕಾಲಾಯ್ತು!”

ತರಗತಿಯಲ್ಲಿ ಮೇಷ್ಟ್ರ ಕಾಲಬುಡದಿಂದ ನೀರು ಹನಿಯುತ್ತಿತ್ತು. ಮಕ್ಕಳು ಕಿಸಕ್ಕೆಂದರು. ಸಮಿತಿಯ ಅಧ್ಯಕ್ಷೆ ಕನ್ನಡಕದ ಮೇಲಿನಿಂದ ನೋಡಿದರು. ಮೇಷ್ಟ್ರಿಗೆ ರೇಗಿತು. “ನಗ್ತೀರಾ? ನಗಿ! ಈ ಪ್ಯಾಂಟು ಯಾಕೆ ಒದ್ದೆಯಾಯ್ತು ಅಂತ ನಿಯಮ ಸಮೇತ ಹೇಳ್ತೀನಿ, ಕೇಳಿ!” ಎಂದು ಟಿಪ್ಪಣಿಯನ್ನು ಮೇಜಿನ ಮೇಲೆ ಬಡಿದು, ಬೆಳಗಿನ ಕಥೆಯನ್ನು ಆದಿಯಿಂದ ಹೇಳಿದರು. ಕಾಲೊರಸು ಏಕೆ ಸೆಳೆಯಿತು, ತಾವೇಕೆ ಹಿಂದಕ್ಕೆ ಜಾರಿದರು, ಗೋಡೆ ಏನು ಮಾಡಿತು. ಎಂದೂ ಕೈಯೆತ್ತದ ಕೊನೆಯ ಬೆಂಚು ಕೂಡ ಅಂದು ಕೈಯೆತ್ತಿ ಉತ್ತರಿಸಿತು.

ಆ ಉತ್ಸಾಹದಲ್ಲಿಯೇ ಮೇಷ್ಟ್ರು ಜೇಬಿನ ಕಾಗದವನ್ನು ಬಿಚ್ಚಿ, ಮೊದಲೇ ಓದಿ ನೋಡುವ ತಾಳ್ಮೆಯೂ ಇಲ್ಲದೆ, ಸಮಿತಿಯೆದುರು ಗಟ್ಟಿಯಾಗಿ ಓದತೊಡಗಿದರು.

“‘ಚಲನದರ್ಪಣವು ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಪ್ರತಿದಿನ ಉಪಯೋಗದಲ್ಲಿದೆ.’” ಮೇಷ್ಟ್ರ ಎದೆ ಉಬ್ಬಿತು. “‘ಅದರ ರಕ್ಷಾಪುಟವನ್ನೂ ಮೊದಲ ಅಧ್ಯಾಯವನ್ನೂ ನಾಲ್ಕು ಮಡಿಕೆ ಮಾಡಿ ಬಟ್ಟೆ ಒಗೆಯುವ ಯಂತ್ರದ ಗಿಡ್ಡಗಾಲಿನ ಕೆಳಗೆ...’” ಇಲ್ಲಿ ನಿಲ್ಲಿಸಬೇಕೆಂದು ಅವರಿಗೆ ಅನ್ನಿಸಿತು. ಆದರೆ ಚಲಿಸುವ ವಸ್ತು ಚಲಿಸುತ್ತಲೇ ಇರುವುದಲ್ಲವೇ? ನಾಲಗೆಯೂ ವಸ್ತುವೇ! “‘...ಇಟ್ಟಿದ್ದೆ. ಯಂತ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಇಂದು ಬೆಳಗ್ಗೆ ಗ್ರಂಥಕರ್ತರೇ ಅದನ್ನು ಕೊಳಕು ಎಂದು ಎಸೆದರು. ಮುಂದಿನದನ್ನು ಅವರ ಪ್ಯಾಂಟು ಹೇಳುತ್ತದೆ. ಈ ಪುಸ್ತಕ ಬಹಳ ಪ್ರಯೋಜನಕಾರಿಯೆಂದು ದೃಢೀಕರಿಸುತ್ತೇನೆ.’”

ಸಮಿತಿ ನಕ್ಕಿತು. ತರಗತಿ ಮೇಜು ಕುಟ್ಟಿ ನಕ್ಕಿತು. ನಗು ಇಳಿದ ಮೇಲೆ ಅಧ್ಯಕ್ಷೆ ಕಣ್ಣೊರೆಸಿಕೊಂಡು ಕೇಳಿದರು:

“ಮೇಷ್ಟ್ರೇ, ಈಗ ಮಾಡಿದ್ರಲ್ಲ, ಆ ಮೆಷಿನ್ನಿನ ಪಾಠ ನಿಮ್ಮ ಪುಸ್ತಕದಲ್ಲಿದೆಯಾ?”

ಮೇಷ್ಟ್ರು ಗಲ್ಲವೆತ್ತಿದರು. “ಇಲ್ಲ. ಆದ್ರೆ ನಿಯಮ ಪೂರ್ತಿಯಾಗಿದೆ!”

“ನಿಯಮ ಎಲ್ಲರ ಪುಸ್ತಕದಲ್ಲೂ ಇದೆ. ಈ ಪಾಠ ಸೇರಿಸಿ ಮತ್ತೆ ಬರೆದು ತನ್ನಿ. ಆಮೇಲೆ ನೋಡೋಣ.”

ಮಧ್ಯಾಹ್ನ ಮನೆಗೆ ಬಂದಾಗ ಹೆಂಡತಿ ಹೊಲಿಗೆ ನಿಲ್ಲಿಸಿ ಮುಖ ನೋಡಿದರು. “ಏನಾಯ್ತು?”

“ಎರಡನೆಯ ಮುದ್ರಣ ಬೇಕಂತೆ!” ತಲೆಯನ್ನು ಒಂದಿಷ್ಟೂ ತಗ್ಗಿಸದೆ ಮೇಷ್ಟ್ರು ಸಾರಿದರು.

“ಮತ್ತೆ ಮೊದಲನೆಯದು?”

ಮೇಷ್ಟ್ರು ಏಣಿಯಿಟ್ಟು ಅಟ್ಟ ಹತ್ತಿ, ಒಂದು ಪ್ರತಿ ತಂದು, ರಕ್ಷಾಪುಟವನ್ನೂ ಮೊದಲ ಅಧ್ಯಾಯವನ್ನೂ ಬಿಡಿಸಿ, ಸ್ವಹಸ್ತದಿಂದ ನಾಲ್ಕು ಮಡಿಕೆ ಮಾಡಿದರು. ಬಚ್ಚಲಿನಲ್ಲಿ ಮಂಡಿಯೂರಿ ಅದನ್ನು ಗಿಡ್ಡಗಾಲಿನಡಿಗೆ ಸೇರಿಸಿ, ಮುಚ್ಚಳದ ಮೇಲೆ ಮೊಬೈಲು ಇಟ್ಟರು. ಗುಳ್ಳೆ ಸರಿಯಾಗಿ ನಡುವೆ ನಿಂತಿತ್ತು.

“ನೋಡು! ಸೊನ್ನೆ ಡಿಗ್ರಿ! ಈಗಲಾದ್ರೂ ಒಪ್ಕೋ, ನನ್ನ ಪುಸ್ತಕದಲ್ಲಿ ಒಂದು ಕೂದಲಷ್ಟೂ ತಪ್ಪಿಲ್ಲ!”

“ಒಪ್ಪಿದೆ,” ಎಂದರು ಹೆಂಡತಿ. “ಎರಡನೇದನ್ನ ಸ್ವಲ್ಪ ದಪ್ಪಗೇ ಬರೀರಿ. ಫ್ರಿಜ್ಜೂ ಅಲ್ಲಾಡ್ತಾ ಇದೆ.”