ದಮ್ಮು ಇಲ್ಲದವರ ಗುಳಿಗೆ

ಗುಳಿಗೆ ಜೇಬಿನಲ್ಲೇ ಬೆವರಿಗೆ ಕರಗಿ ಹೋಗಬಹುದಾಗಿತ್ತು. ಬಸ್ಸು ಯರಗಟ್ಟಿಯ ಹತ್ತಿರ ಕೆಟ್ಟು ನಿಲ್ಲಬಹುದಾಗಿತ್ತು. ಗುಳಿಗೆಯೆಂದು ನಾನು ಕರ್ಪೂರ ನುಂಗಿ, ಕರ್ಪೂರವೆಂದು ಬೀಗತಿ ಆರತಿ ತಟ್ಟೆಯಲ್ಲಿಟ್ಟ ಗುಳಿಗೆಗೆ ಕಡ್ಡಿ ಗೀರಬಹುದಾಗಿತ್ತು. ಗುಳಿಗೆಗೆ ಎದೆಬಡಿತ ಇಳಿದದ್ದು ಇಳಿದೇ ಹೋಗಿ, ಬಸುರಿ ಮಗಳ ಕುಬಸಕ್ಕೆ ಬಂದ ಮಂದಿ ನನ್ನ ಮಣ್ಣು ಮುಗಿಸಿಕೊಂಡೇ ಊರಿಗೆ ಹೋಗಬಹುದಾಗಿತ್ತು. ನಾಲಿಗೆ ಹೊರಳಿ ಹೆಂಡತಿಯ ಹೆಸರಿನ ಬದಲು ಬೀಗತಿಯ ಹೆಸರು ಬರಬಹುದಾಗಿತ್ತು. ಹಾಗೇನಾದರೂ ಆದರೆ ಮಣ್ಣಾಗುವುದೇ ಲೇಸು. ಬೈಲಹೊಂಗಲದಿಂದ ಬೀಗರ ಊರು ರಾಮದುರ್ಗದವರೆಗೆ ಬಸ್ಸಿನ ಕಿಟಕಿಗೆ ತಲೆ ಆನಿಸಿ ನಾನು ಮನಸ್ಸಿನಲ್ಲೇ ನಡೆಸಿ ಮುಗಿಸಿದ ಅನಾಹುತಗಳಿವು.

ಇಷ್ಟಕ್ಕೂ ನನ್ನಿಂದ ಆಗಬೇಕಾಗಿದ್ದ ಕೆಲಸ ಒಂದೇ: ಒಡಪು ಹಾಕಿ ಹೆಂಡತಿಯ ಹೆಸರು ಹೇಳುವುದು. ನಮ್ಮ ಕಡೆ ಮದುವೆಯಾಗಲಿ, ಬಸುರಿಯ ಸೀಮಂತದ ಕುಬಸವಾಗಲಿ, ಗಂಡ ಹೆಂಡತಿ ಪ್ರಾಸ ಕಟ್ಟಿ ಒಬ್ಬರ ಹೆಸರನ್ನೊಬ್ಬರು ಮಂದಿಯ ಮುಂದೆ ಹೇಳಲೇಬೇಕು. ನನ್ನ ಹೆಂಡತಿಯ ಹೆಸರು ಶಾಂತವ್ವ. ಆ ಹೆಸರು ಹೇಳಬೇಕೆಂದಾಗಲೇ ನನ್ನ ಮೈಯೆಲ್ಲ ಅಶಾಂತಿ. ಮನೋಳಿಯಲ್ಲಿ ನಮ್ಮ ಮದುವೆಯಾದ ದಿನ ಹೆಂಗಸರೆಲ್ಲ ಸುತ್ತುಗಟ್ಟಿ "ಹೇಳ್ರಿ ಅಳಿಯಾರ" ಅಂದಾಗ ನನ್ನ ಎದೆ ಹಿಟ್ಟಿನ ಗಿರಣಿಯಂತೆ ಬಡಿದುಕೊಂಡು, ಬಾಯಿಂದ ಬಂದದ್ದು "ನೀರು" ಎಂಬ ಒಂದೇ ಮಾತು. ಅಷ್ಟು ಹೇಳಿ ಬಾಸಿಂಗದ ಸಮೇತ ಮಾವನವರ ಮೇಲೆ ಒರಗಿದೆ. ಅಂದಿನಿಂದ ತವರಿನಲ್ಲಿ ಅವಳು 'ನೀರವ್ವ'. ಇಷ್ಟು ವರ್ಷ ಅವಳು ಅದನ್ನು ನಗುತ್ತಲೇ ಸಹಿಸಿದ್ದಳು. ಮಗಳ ಕುಬಸ ಗೊತ್ತಾದ ದಿನ ಮಾತ್ರ ನಗಲಿಲ್ಲ. "ಹಡದ ಮಗಳು ಬಸುರಿ ಆದ್ಲು, ನನ್ನ ಹೆಸರಿನ್ನೂ ನಿಮ್ಮ ಬಾಯಾಗ ಬಂದಿಲ್ಲ. ಈ ಸಲ ಹೇಳದಿದ್ರ ನಾ ನಿಮ್ಮ ಜೋಡಿ ಯಾವ ಕಾರ್ಯಕ್ಕೂ ಬರಂಗಿಲ್ಲ," ಎಂದಳು.

ಮಾರ್ಕೆಟ್ ಯಾರ್ಡಿನ ಗುಮಾಸ್ತನಾದ ನನಗೆ ಸಲಹೆಗಾರರಿಗೇನೂ ಕೊರತೆಯಿಲ್ಲ. ಒಬ್ಬ ಶುಂಠಿ ಬೆಲ್ಲ ಅಂದ, ಒಬ್ಬ ತಾಯತ ಅಂದ, ಹತ್ತಿ ವ್ಯಾಪಾರಿಯೊಬ್ಬ ಬಾಟಲಿಯ ಆಕಾರವನ್ನು ಗಾಳಿಯಲ್ಲಿ ಬರೆದು ತೋರಿಸಿದ. ಕೊನೆಗೆ ನಮ್ಮ ಡಾಕ್ಟರರ ಹತ್ತಿರ ಹೋದೆ.

"ಎದಿ ಯಾವಾಗ ಹಾರತೈತ್ರಿ?"

"ನಾಲ್ಕು ಮಂದಿ ನೋಡಾಗ್ರಿ."

"ಯಾರೂ ನೋಡದಾಗ?"

"ಯಾರರ ನೋಡತಾರೇನೋ ಅಂತ ಹಾರತೈತ್ರಿ."

ಅವರು ನಾಡಿ, ಬಿಪಿ ನೋಡಿ, ಎದೆಗೆ ವೈರು ಹಚ್ಚಿ ಪಟ್ಟಿ ತೆಗೆಸಿ, ಹೃದಯದಲ್ಲಿ ದೋಷವಿಲ್ಲ ಎಂದರು. ಇಷ್ಟು ವರ್ಷ ಅದರ ಮೇಲೆ ಹೊರಿಸಿದ್ದ ತಪ್ಪೆಲ್ಲ ಒಮ್ಮೆಲೇ ನನ್ನ ತಲೆಗೆ ಬಂತು. ಆಮೇಲೆ ಗುಳಿಗೆಗಳ ಪರಿಚಯ ಮಾಡಿಸಿದರು. "ಒಂದು ನಮೂನಿದು ದಿನಾ ತಗೋಬೇಕು, ಗುಣ ಕಾಣಾಕ ವಾರಗಟ್ಟಲೆ ಬೇಕು. ಅದು ದಿನಾ ಅಂಜಾವ್ರಿಗೆ. ಇನ್ನೊಂದು ಮಂಪರು ತರತೈತಿ, ಚಟಾ ಬಿದ್ರ ಬಿಡೂದು ತ್ರಾಸು. ನೀವು ಒಡಪು ಹಾಕೂ ಮೊದಲ ಗೊರಕಿ ಹೊಡೀತೀರಿ. ಮೂರನೇದು ಅಂಜಿಕಿ ತಗಿಯೂದಿಲ್ಲ, ಎದಿ ಓಟಕ್ಕಷ್ಟ ಲಗಾಮು ಹಾಕತೈತಿ. ಬೇಕಾದಾಗ ಒಂದು, ಒಂದು ತಾಸು ಮೊದಲ." ಚೀಟಿ ಬರೆಯಲು ಪೆನ್ನೆತ್ತಿದವರು ತಟ್ಟನೆ ನನ್ನ ಮುಖ ನೋಡಿ ಕೇಳಿದರು: "ನಿಮಗ ದಮ್ಮು ಐತೇನ್ರಿ?"

ನನಗೆ ಅವಮಾನವಾಯಿತು. ತಲೆ ತಗ್ಗಿಸಿ, "ಅದು ಇಲ್ಲಂತನ ನಿಮ್ಮ ಕಡೆ ಬಂದೇನ್ರಿ," ಎಂದೆ.

"ಅಯ್ಯ, ಉಸರಾಟದ ದಮ್ಮು ಕೇಳಿದ್ನಿ ಮಾರಾಯ್ರ!"

"ಅದೂ ಇಲ್ರಿ."

"ಚೊಲೋ ಆತು. ದಮ್ಮು ಇದ್ದಾವ್ರಿಗೆ ಇದನ್ನ ಕೊಡಂಗಿಲ್ಲ."

ಗಂಡೆದೆಯವರಿಗೆ ದಕ್ಕದ ಔಷಧಿಯೊಂದು ನನಗೆ ದಕ್ಕಿತೆಂದು ಸ್ವಲ್ಪ ಹೆಮ್ಮೆಯೂ ಆಯಿತು. ಅವರು ಹೇಳಿದಂತೆ ಒಂದು ರವಿವಾರ ಮನೆಯಲ್ಲೇ ನುಂಗಿ ನೋಡಿದೆ. ತಲೆ ತಿರುಗಲಿಲ್ಲ, ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಸಂಜೆಯವರೆಗೆ ಚಿಂತಿಸಿದೆ.

ಕುಬಸ ಹನ್ನೊಂದಕ್ಕೆ ಎಂದಿದ್ದರು. ಹತ್ತಕ್ಕೆ ಸರಿಯಾಗಿ ನುಂಗಿದೆ. ಆದರೆ 'ಒಂದು ತಾಸು ಮೊದಲು' ಎಂದು ಲೆಕ್ಕ ಹಾಕಿದವರು ನಮ್ಮ ಕಡೆಯ ಕಾರ್ಯಕ್ಕೆ ಬಂದವರಲ್ಲ. ಹನ್ನೊಂದಕ್ಕೆ ಬೀಗರು ಸ್ನಾನಕ್ಕೆ ಹೋದರು. ಹನ್ನೆರಡಕ್ಕೆ ಹೂವು ಬರಲಿಲ್ಲವೆಂದು ಗೊತ್ತಾಯಿತು. ಹೂವು ಬಂದಾಗ ಬಳೆಗಾರ ಬಂದಿರಲಿಲ್ಲ. ನಾನು ಮೂಲೆಯಲ್ಲಿ ನನ್ನ ನಾಡಿಯನ್ನು ನಾನೇ ಹಿಡಿದುಕೊಂಡು, ಗುಳಿಗೆಯ ಗುಣ ಎಳೆಎಳೆಯಾಗಿ ಸೋರಿಹೋಗುತ್ತಿದೆ ಎಂದು ಕೊರಗುತ್ತಿದ್ದೆ. ಒಂದೂವರೆಗೆ ಮಗಳು ಹಸಿರು ಸೀರೆ ಉಟ್ಟು ಕುಳಿತಳು, ಆರತಿ ಆಯಿತು. ಬೀಗತಿ ಸೆರಗು ಸಿಕ್ಕಿಸಿಕೊಂಡು ಒಡಪಿಗೆ ಮಂದಿಯನ್ನು ಹುಡುಕತೊಡಗಿದಾಗ ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದೆ: "ಮೊದಲ ನನಗ ಹೇಳಸ್ರಿ! ಲಗೂ ಹೇಳಸ್ರಿ!"

"ಇವ್ವನ!" ಬೀಗತಿ ಗಲ್ಲಕ್ಕೆ ಕೈ ಹಚ್ಚಿದಳು. "ಮಕ್ಕಳ ಲಗ್ನದಾಗ ಒಡಪಂದ ಕೂಡಲೇ ಓಡಿ ಹೋದ ಬೀಗರು ಇವತ್ತ ತಾವ ಮುಂದ ಬಂದಾರ! ನೀರಿನ ತಂಬಗಿ ತರ್ರಿ, ನೀರವ್ವನ ಗಂಡ ಎದ್ದಾನ!"

ಮನೆ ತುಂಬ ನಗೆ. ನನ್ನ ಎದೆ ಮಾತ್ರ ಊಟ ಮಾಡಿ ಮಲಗಿದ ಎತ್ತಿನಂತೆ ತಣ್ಣಗಿತ್ತು. ಗಂಟಲು ಕೆಮ್ಮಿ ಸರಿಮಾಡಿಕೊಂಡು ಹೇಳಿಯೇಬಿಟ್ಟೆ:

"ಮಲಪ್ರಭಾ ಹೊಳಿಗೆ ಮನೋಳಿ ದಂಡಿ,
ಶಾಂತವ್ವ ಇರದಿದ್ರ ನಡಿಯೂದಿಲ್ಲ ನನ್ನ ಬಂಡಿ!"

ಕೇಕೆ, ಚಪ್ಪಾಳೆ. ಮಗಳು ಕುಳಿತಲ್ಲೇ ಕಣ್ಣೊರೆಸಿಕೊಂಡಳು. ಶಾಂತವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನೆಲ ನೋಡುತ್ತಿದ್ದಳು. ಬಸ್ಸಿನಲ್ಲಿ ಕಲ್ಪಿಸಿಕೊಂಡ ಅನಾಹುತಗಳಲ್ಲಿ ಒಂದಾದರೂ ನಡೆದಿರಲಿಲ್ಲ.

ಮರಳಿ ಬರುವ ಬಸ್ಸಿನಲ್ಲಿ ಅವಳು ಹಗುರಾಗಿ ಕೇಳಿದಳು: "ನನ್ನ ಹೆಸರು ಹೇಳಾಗ ಎದಿ ಹಾರಿತೇನ್ರಿ?"

ಹೊಗಳಿಕೆ ಬರುತ್ತದೆಂದು ನಾನು ಎದೆ ತಟ್ಟಿಕೊಂಡೆ. "ಒಂದು ಚೂರೂ ಇಲ್ಲ! ಯಾರ್ಡಿನಾಗ ಹತ್ತಿ ಅಂಡಿಗಿ ತೂಕ ಬರಕೊಂಡಂಗ, ಅಷ್ಟ ಸರಳ!"

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಯರಗಟ್ಟಿ ದಾಟಿದ ಮೇಲೆ ಕಿಟಕಿಗೇ ಹೇಳಿದಳು: "ನಮ್ಮ ಲಗ್ನದಾಗರ ನನ್ನ ಸಲುವಾಗಿ ಬೆವತು ಬಿದ್ದಿದ್ರಿ."

ಆಗ ಹಾರಿತು ನೋಡಿ ನನ್ನ ಎದೆ, ಬಸ್ಸಿನ ಎಂಜಿನ್ನಿಗಿಂತ ಜೋರಾಗಿ. ಅವಳ ಕೈ ಹಿಡಿದು ಎದೆಯ ಮೇಲಿಟ್ಟುಕೊಂಡು ತೋರಿಸಬೇಕೆನಿಸಿತು. ಆದರೆ ಬಸ್ಸಿನ ತುಂಬ ಮಂದಿ ನೋಡುತ್ತಿದ್ದರು.