ನಾಳೆ ವಿದ್ಯುತ್ ವ್ಯತ್ಯಯ

ಕತಾರಿನಲ್ಲಿ ಕರೆಂಟು ಹೋಗುವುದಿಲ್ಲ. ನಾನು ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲಿ ಮೇಣದಬತ್ತಿ ಕೊಂಡಿದ್ದರೆ ಅದು ಮಕ್ಕಳ ಕೇಕಿಗೆ ಮಾತ್ರ. ಇಂಥ ದೇಶದಲ್ಲಿ ಕೂತು, ನಾಳೆ ಕರೆಂಟು ಎಲ್ಲಿ ಹೋಗುತ್ತದೆ, ಎಷ್ಟು ಗಂಟೆಗೆ ಹೋಗುತ್ತದೆ, ಯಾವ ಕಾಮಗಾರಿಯ ಪ್ರಯುಕ್ತ ಹೋಗುತ್ತದೆ ಎಂದು ಪಟಪಟನೆ ಹೇಳಬಲ್ಲ ಮನುಷ್ಯ ಒಬ್ಬರೇ. ಅವರು ನನ್ನ ಅಕ್ಕನ ಗಂಡ!

ಭಾವನ ಊರು ಮೈಸೂರು. ವಾಸ ದೋಹಾದ ಬಿನ್ ಒಮ್ರಾನಿನಲ್ಲಿ, ನಮ್ಮ ಫ್ಲ್ಯಾಟಿನ ಮೇಲಿನ ಮಹಡಿ. ಅಲ್ಲೇ ಮುಶೈರಿಬ್ ಬಡಾವಣೆಯ ಒಂದು ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ಬಂದ ಕಾಗದಕ್ಕೆಲ್ಲ ನಂಬರು ಹಾಕುವುದು, ಹೋಗುವ ಕಾಗದಕ್ಕೆಲ್ಲ ಸಹಿ ತೆಗೆದುಕೊಳ್ಳುವುದು. ಮನೆಯಲ್ಲೂ ಅದೇ ಚಾಳಿ. ಅಕ್ಕ ಬರೆದ ತರಕಾರಿ ಚೀಟಿಗೆ ಕೊನೆಗಳಿಗೆಯಲ್ಲಿ ಕೊತ್ತಂಬರಿ ಸೇರಿದರೆ, ಚೀಟಿಯ ಮೇಲೆ ‘ರಿವಿಷನ್ ಒಂದು’ ಎಂದು ಬರೆದುಕೊಂಡೇ ಅಂಗಡಿಗೆ ಹೊರಡುತ್ತಾರೆ.

ಇಂಥವರಿಗೆ ಕುಶಲ ವಿಚಾರಿಸುವುದು ಎಲ್ಲಿಂದ ಬರಬೇಕು? ಅವರ ಫೋನು ಎಂದರೆ ರೈಲ್ವೆ ಸ್ಟೇಷನ್ನಿನ ಘೋಷಣೆ. “ಹಾಲು ಖಾಲಿ.” ಟಕ್. “ಲಿಫ್ಟ್ ಕೆಟ್ಟಿದೆ.” ಟಕ್. ನನಗೆ ಪ್ರಮೋಷನ್ ಆದಾಗ “ವಿಷಯ ತಿಳೀತು” ಎಂದು ಇಟ್ಟುಬಿಟ್ಟರು. ಸಂತೋಷವಾಯಿತೋ ಹೊಟ್ಟೆ ಉರಿಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ.

ಭಾವನಿಗೆ ಇರುವವರು ಒಬ್ಬರೇ ತಂಗಿ. ಮೈಸೂರಿನ ಮನೆಯಲ್ಲಿ ಎರಡು ಗ್ರೈಂಡರ್ ಇಟ್ಟುಕೊಂಡು ದೋಸೆ ಹಿಟ್ಟು ಮಾರುತ್ತಾರೆ. ಬೆಳಿಗ್ಗೆ ನೆನೆಹಾಕಿ, ಮಧ್ಯಾಹ್ನ ರುಬ್ಬಿ, ಸಂಜೆ ಸುತ್ತಲಿನ ಮನೆಗಳಿಗೆ ಕೊಡುವುದು. ಒಮ್ಮೆ ಹೇಳದೆ ಕೇಳದೆ ಇಡೀ ದಿನ ಕರೆಂಟು ಹೋಗಿ, ನೆನೆದ ಅಕ್ಕಿ, ಉದ್ದು ಎಲ್ಲ ವಾಸನೆ ಬಂದು ಚರಂಡಿ ಪಾಲಾಯಿತಂತೆ. ಅಂದಿನಿಂದ ಆ ಬೀದಿಯ ಕರೆಂಟಿನ ಜವಾಬ್ದಾರಿಯನ್ನು ಭಾವ ದೋಹಾದಲ್ಲಿ ಕೂತು ವಹಿಸಿಕೊಂಡರು!

ಹೇಗೆ ಅಂತೀರಾ? ಭಾವನ ಮನೆಯ ಸೆಟ್ ಟಾಪ್ ಬಾಕ್ಸಿನ ಮುನ್ನೂರು ಚಾನೆಲ್‌ಗಳ ಬಾಲದಲ್ಲಿ, ಯಾವ ಪುಣ್ಯಾತ್ಮರು ಸೇರಿಸಿದ್ದರೋ, ಮೈಸೂರು ಕಡೆಯ ಒಂದು ಪುಟ್ಟ ಚಾನೆಲ್ ಬರುತ್ತಿತ್ತು. ಪರದೆಯ ಮೇಲೆ ಸೀರೆ ಅಂಗಡಿ, ಜ್ಯೋತಿಷಿ, ಬೋರ್‌ವೆಲ್ ಕೊರೆಯುವವರು. ಕೆಳಗೆ ಓಡುವ ಪಟ್ಟಿಯಲ್ಲಿ ಮಾತ್ರ ಅಮೃತ: ‘ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಈ ಕೆಳಕಂಡ ಬಡಾವಣೆಗಳಲ್ಲಿ ವಿದ್ಯುತ್ ವ್ಯತ್ಯಯ.’ ಭಾವ ಆಫೀಸಿನಿಂದ ಬಂದವರೇ, ಕಾಫಿಯನ್ನೂ ಮುಟ್ಟದೆ, ಪೆನ್ನು ಹಿಡಿದು ಅದರ ಮುಂದೆ ಕೂರುತ್ತಿದ್ದರು. ಆಮೇಲೆ ತಂಗಿಗೆ ಫೋನು. ಬೀದಿಯ ಹೆಸರು ಬಂದಿದ್ದರೆ “ಈಗ್ಲೇ ನೆನೆಹಾಕಿ ರಾತ್ರಿನೇ ರುಬ್ಬಿಡು,” ಬಾರದಿದ್ದರೆ “ನಾಳೆ ತೊಂದರೆ ಇಲ್ಲ.” ಆಶ್ಚರ್ಯವೆಂದರೆ ಅಲ್ಲಿಗೆ ಟಕ್ ಅನ್ನುತ್ತಿರಲಿಲ್ಲ! ಮಾತು ಕರೆಂಟಿನಿಂದ ಉದ್ದಿನಬೇಳೆಗೆ, ಅಲ್ಲಿಂದ ತಂಗಿಯ ಮಂಡಿನೋವಿಗೆ ಹರಿದು ಹತ್ತು ನಿಮಿಷ ನಡೆಯುತ್ತಿತ್ತು. ಪ್ರತಿ ದಿನ.

ಒಂದು ಭಾನುವಾರ ಚಾನೆಲ್ ಮಾಯ! ಅದೇ ನಂಬರಿನಲ್ಲಿ ಯಾವನೋ ಬಿಳಿ ದೊರೆ ಮೊಣಕಾಲು ನೀರಿನಲ್ಲಿ ನಿಂತು ಮೀನು ಹಿಡಿಯುತ್ತಿದ್ದ. ಭಾವ ಅರ್ಧ ಗಂಟೆ ನೋಡಿದರು.

“ಅಲ್ಲ ಕಣಯ್ಯ, ಹಿಡಿದ ಮೀನನ್ನ ವಾಪಸ್ ನೀರಿಗೇ ಬಿಡ್ತಾನೆ! ಇವನಿಗೋಸ್ಕರ ನನ್ನ ಚಾನೆಲ್ ತೆಗೆದ್ರಾ?”

ಟೀವಿ ಕಂಪನಿಗೆ ಫೋನು ಹಚ್ಚಿದರು. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಕೇರಳದ ಒಬ್ಬ ಹೆಣ್ಣುಮಗಳು ಸಿಕ್ಕಳು. ಇಂಗ್ಲಿಷಿನಲ್ಲಿ ನಡೆದ ಸಂಭಾಷಣೆಯ ಸಾರ ಇಷ್ಟು:

“ಸರ್, ಅದು ಲೋಕಲ್ ಚಾನೆಲ್. ಅದಕ್ಕೇ ತೆಗೆದಿದ್ದೇವೆ.”

“ಲೋಕಲ್ ಅಂತಲೇ ನಾನು ನೋಡ್ತಿದ್ದದ್ದು!”

“ನೋಡುವವರು ಯಾರೂ ಇಲ್ಲ ಸರ್.”

“ಹಾಗಾದ್ರೆ ಈಗ ನಿಮ್ಮ ಹತ್ರ ಮಾತಾಡ್ತಿರೋದು ಯಾರು?”

ಆಕೆ ಪಾಪ, ಬರೆದು ದೂರು ಕೊಡಿ ಎಂದಳು. ಬರೆಯುವುದನ್ನು ಹೇಳಿದ್ದು ಯಾರಿಗೆ? ಡಾಕ್ಯುಮೆಂಟ್ ಕಂಟ್ರೋಲರಿಗೆ! ರೆಫರೆನ್ಸ್ ನಂಬರು, ಲಗತ್ತು, ಪ್ರತಿಗಳ ವಿವರ ಎಲ್ಲ ಸಹಿತ ದೂರು ಹೋಯಿತು. ವಿಷಯ: ‘ವಿದ್ಯುತ್ ವ್ಯತ್ಯಯದ ಮಾಹಿತಿ ಬಾರದಿರುವ ಕುರಿತು.’ ಕಂಪನಿಯವರು ಮೊದಲ ಎರಡು ಪದಗಳನ್ನಷ್ಟೇ ಓದಿದರೆಂದು ಕಾಣುತ್ತದೆ. ಮೂರನೆಯ ದಿನ ಟೂಲ್ ಬ್ಯಾಗ್ ಹಿಡಿದ ಟೆಕ್ನೀಷಿಯನ್ ಬಂದ. ಗೋಡೆಯ ಪ್ಲಗ್ಗಿಗೆಲ್ಲ ಟೆಸ್ಟರ್ ಚುಚ್ಚಿ ನೋಡಿ, “ಸಾಬ್, ಕರೆಂಟ್ ಬರಾಬರ್ ಹೈ, ಮಾಫಿ ಪ್ರಾಬ್ಲಂ,” ಎಂದ; ಅಂದರೆ ತೊಂದರೆ ಏನೂ ಇಲ್ಲ ಅಂತ.

“ಇಲ್ಲಿ ಇದೆ ಅಂತ ನನಗೂ ಗೊತ್ತು ಮಾರಾಯ! ಅಲ್ಲಿ ಹೋಗೋದು ಯಾವಾಗ ಅಂತ ಬೇಕು!”

ಭಾವನ ಸಿಟ್ಟು ಕನ್ನಡದಲ್ಲಿತ್ತು. ಆತ ನಕ್ಕು, “ಖಲಾಸ್, ಸಾಬ್,” ಎಂದು ಹೋದ. ಸಂಜೆಯೇ ಮೆಸೇಜು: ‘ನಿಮ್ಮ ದೂರನ್ನು ಯಶಸ್ವಿಯಾಗಿ ಬಗೆಹರಿಸಲಾಗಿದೆ. ಐದು ನಕ್ಷತ್ರ ಕೊಡಿ.’ ನಕ್ಷತ್ರವಂತೆ! ಹಗಲು ಹೊತ್ತಿನಲ್ಲೇ ನಕ್ಷತ್ರ ತೋರಿಸಬೇಕಾದ ಜನ!

“ಮೊಬೈಲಲ್ಲಿ ನೋಡಿ ಭಾವ” ಎಂದು ನಾನೇ ಆ ಚಾನೆಲ್ಲಿನ ಆ್ಯಪ್ ಹಾಕಿಕೊಟ್ಟೆ. ಒತ್ತಿದರೆ ‘ಇದು ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎಂದಿತು.

“ಸುಳ್ಳು! ನನ್ನ ದೇಶದಲ್ಲಿ ಲಭ್ಯ ಇದೆ. ಇಲ್ಲಿ ಇಲ್ಲ ಅಂತ್ಲೇ ನಾನು ಬಡ್ಕೊತಿರೋದು!” ಎಂದು ಭಾವ ಫೋನನ್ನು ನನ್ನ ಕೈಗೆ ತುರುಕಿದರು.

ಕೊನೆಗೆ ಸಹಿ ಸಂಗ್ರಹ. ನಮ್ಮ ಆಫೀಸಿನಲ್ಲಿ ಉಡುಪಿ ಕಡೆಯ ಕ್ಯಾಥೊಲಿಕ್ ಹಿರಿಯರೊಬ್ಬರಿದ್ದಾರೆ, ಮೂವತ್ತು ವರ್ಷದಿಂದ ಗುಮಾಸ್ತಿಕೆ ಮಾಡಿಕೊಂಡು. ಭಾವ ಅಲ್ಲಿಗೂ ಬಂದು ಮನವಿ ಚಾಚಿದಾಗ ಅವರು ಕನ್ನಡಕ ಏರಿಸಿ ಕೇಳಿದರು: “ನಮ್ಮ ಊರಿನ ಕರೆಂಟ್ ಹೋಗುವುದು ಇದರಲ್ಲಿ ಬರ್ತದಾ?”

“ಇಲ್ಲ, ಮೈಸೂರಿನದು ಮಾತ್ರ.”

“ಹಾಗಾದ್ರೆ ನಾನು ಎಂತಕ್ಕೆ ಸೈನ್ ಹಾಕುವುದು ಮಾರಾಯ್ರೆ? ನಮ್ಮಲ್ಲಿ ಹೇಳಿ ಹೋಗುವ ಕ್ರಮವೇ ಇಲ್ಲ!”

ಸಹಿ ಮಾತ್ರ ಹಾಕಿದರು. ಭಾವ ಪೆನ್ನು ಹಿಡಿದುಕೊಂಡು ಲಿಫ್ಟಿನ ಒಳಕ್ಕೂ ಹೋಗಿದ್ದರು. ಒಟ್ಟು ಹನ್ನೊಂದು ಸಹಿ. ಕಂಪನಿಯಿಂದ ಉತ್ತರ ಬರಲಿಲ್ಲ.

ಮೊದಮೊದಲು ನನಗಿದೆಲ್ಲ ತಮಾಷೆಯಾಗಿತ್ತು. ಆಮೇಲೆ ನನಗೇ ರೇಗತೊಡಗಿತು. ಚಾಕು ಮಾರುವುದಕ್ಕೆ ಮೂರು ಚಾನೆಲ್ ಇವೆ. ಗಾಲ್ಫಿಗೆ ಎರಡು. ಯಾರೋ ಯಾರದೋ ಹಳೇ ಕಾರು ತೊಳೆಯುವುದಕ್ಕೆ ಒಂದು! ಇವುಗಳ ನಡುವೆ, ಒಂದು ಬೀದಿಯಲ್ಲಿ ನಾಳೆ ಕರೆಂಟು ಇರುವುದಿಲ್ಲ ಎಂದು ಹೇಳುವ ಎರಡಂಗುಲದ ಪಟ್ಟಿಗೆ ಜಾಗವಿಲ್ಲವೇ? ಇವರ ಕಣ್ಣಿಗೆ ದೂರದ್ದೆಲ್ಲ ಜಗತ್ತು, ಹತ್ತಿರದ್ದು ಮಾತ್ರ ಕಸ. ಯಾರಿಗೆ ಯಾವುದು ಹತ್ತಿರ ಎಂದು ಇವರು ಯಾವತ್ತಾದರೂ ಬಾಗಿಲು ತಟ್ಟಿ ಕೇಳಿದ್ದಾರೆಯೇ? ನಾನೂ ಒಂದು ಪತ್ರ ಗೀಚಿದೆ. ಭಾವ ಅದಕ್ಕೆ ನಂಬರು ಹಾಕಿಕೊಟ್ಟರು.

ಆದರೆ ಸಂಜೆ ಐದಾದರೆ ಮನುಷ್ಯ ಕೈಕಾಲು ಕಳೆದುಕೊಂಡವರಂತೆ ಹಾಲ್‌ನಲ್ಲಿ ಓಡಾಡುತ್ತಿದ್ದರು. “ತಂಗಿಗೊಂದು ಫೋನ್ ಮಾಡಿ” ಎಂದು ಅಕ್ಕ ಹೇಳಿದರೆ, “ಮಾಡಿ ಏನು ಹೇಳ್ಲಿ? ವಿಷಯ ಇಲ್ವಲ್ಲ,” ಎನ್ನುವರು. ಹೀಗೆ ಮೂರು ವಾರ ಕಳೆಯಿತು.

ಆಗ ನನಗೇ ಮೈಸೂರಿನಿಂದ ಫೋನು ಬಂತು. ಭಾವನ ತಂಗಿ.

“ಅಣ್ಣಂಗೆ ಹುಷಾರಿಲ್ವಾ? ನಿಜ ಹೇಳಿ. ನನ್ನ ಹತ್ರ ಮುಚ್ಚಿಡ್ತಿದ್ದೀರಾ?”

ಚಾನೆಲ್ ಹೋದ ಕಥೆಯನ್ನೆಲ್ಲ ಹೇಳಿದೆ. ಅವರು ನಕ್ಕರು.

“ನೋಡಿ, ನಮ್ಮ ಏರಿಯಾ ಲೈನ್‌ಮ್ಯಾನ್ ಮನೆಗೆ ಹಿಟ್ಟು ಹೋಗೋದು ನನ್ನ ಹತ್ರದಿಂದಾನೇ. ಕರೆಂಟ್ ತೆಗೆಯೋರೇ ಅವರು. ಹಿಂದಿನ ದಿನಾನೇ ಹೇಳಿಬಿಡ್ತಾರೆ.”

“ಮತ್ತೆ ಇಷ್ಟು ವರ್ಷ ನೀವು ಭಾವನಿಗೆ...?”

“ಹೇಳಿದ್ರೆ ಅವನು ಯಾಕೆ ಫೋನ್ ಮಾಡ್ತಾನೆ? ‘ಚೆನ್ನಾಗಿದ್ದೀಯಾ’ ಅಂತ ಕೇಳೋಕೆ ಬರಲ್ಲ ಅವನಿಗೆ. ಚಿಕ್ಕಂದಿನಿಂದಲೂ ಅಷ್ಟೇ.” ದನಿ ತಗ್ಗಿತು. “ಒಂದು ಕೆಲಸ ಮಾಡ್ತೀರಾ? ಲೈನ್‌ಮ್ಯಾನ್ ಹೇಳಿದ್ದನ್ನ ನಾನು ನಿಮಗೆ ಹೇಳ್ತೀನಿ. ಎಲ್ಲೋ ತಿಳೀತು ಅಂತ ನೀವು ಅವನಿಗೆ ಹೇಳಿ. ಅವನು ನನಗೆ ಹೇಳ್ಲಿ.”

ಹೂಂ ಎಂದೆ.

ಮರುದಿನ ಸಂಜೆ ಮೇಲೆ ಹತ್ತಿ ಹೋಗಿ, “ಭಾವ, ಆಫೀಸಿನಲ್ಲಿ ಮೈಸೂರಿನವರೊಬ್ಬರು ಹೇಳ್ತಿದ್ರು. ನಾಳೆ ನಿಮ್ಮ ತಂಗಿ ಬೀದೀಲಿ ಹತ್ತರಿಂದ ಐದು ಕರೆಂಟ್ ಇಲ್ವಂತೆ,” ಎಂದೆ. ಭಾವ ಕಾಫಿ ಲೋಟವನ್ನು ಅಲ್ಲೇ ಬಿಟ್ಟು ಫೋನಿಗೆ ಕೈಹಾಕಿದರು. ಗಾಬರಿಯಲ್ಲಿ ಸ್ಪೀಕರು ಒತ್ತಿಬಿಟ್ಟಿದ್ದರು.

“ನಾಳೆ ಹತ್ತರಿಂದ ಐದು ಕಣೇ! ಈಗ್ಲೇ ನೆನೆಹಾಕಿ ರಾತ್ರಿನೇ ರುಬ್ಬಿಡು!”

“ಅಯ್ಯೋ ಹೌದಾ ಅಣ್ಣಾ? ನಂಗೆ ಗೊತ್ತೇ ಇರ್ಲಿಲ್ಲ ನೋಡು!”

ಆ ಮಾತಿನ ಹಿಂದೆ, ಗಡಗಡ ಗಡಗಡ, ಗ್ರೈಂಡರು ಜೋರಾಗಿ ತಿರುಗುತ್ತಿತ್ತು. ಒಂದಲ್ಲ, ಎರಡೂ!

ಭಾವ ಫೋನನ್ನೇ ನೋಡಿದರು. “ಏನೇ ಅದು ಸದ್ದು?”

ಆ ಕಡೆ ತಡವರಿಸಿತು. “ಅದು... ಪಕ್ಕದ ಮನೆಯೋರದು ಅಣ್ಣಾ.”

ಭಾವ ತಲೆಯೆತ್ತಿ ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ಕುರ್ಚಿ ಎಳೆದು ನಿಧಾನವಾಗಿ ಕೂತರು.

“ಸರಿ,” ಎಂದರು. “ನಾಳೆ ಕರೆಂಟ್ ಇರಲ್ಲ ಅಂತ ಪಕ್ಕದ ಮನೆಯೋರಿಗೂ ಹೇಳಿಬಿಡು. ಅದಿರ್ಲಿ, ನಿನ್ನ ಮಂಡಿನೋವು ಹೇಗಿದೆ?”