ಹಿಸಾರಿನ ಚಳಿಗೆ ಡೊಂಬಿವಲಿಯ ಬಾಣಂತನ

ಮುಂಬಯಿ ಪಕ್ಕದ ನಮ್ಮ ಡೊಂಬಿವಲಿಗೆ ಚಳಿ ಬರುವುದಿಲ್ಲ. ಚಳಿಯ ಸುದ್ದಿ ಬರುತ್ತದೆ. ಅದಕ್ಕೇ ಜನ ನಡುಗುತ್ತಾರೆ. ಪ್ರತಿ ವರ್ಷ ಇದನ್ನು ನೋಡಿ ನಗುತ್ತಿದ್ದೆ. ಈ ವರ್ಷ ನಡುಗಿದವನು ನಾನೇ.

ಹೆಂಡತಿ ಕಳೆದ ಮಳೆಗಾಲದಲ್ಲಿ ತೀರಿಕೊಂಡಳು. ಒಬ್ಬಳೇ ಮಗಳು. ಹರಿಯಾಣದ ಹಿಸಾರಿನವನನ್ನು ಮದುವೆಯಾಗಿ ಅಲ್ಲೇ ಇದ್ದಾಳೆ. ಜನವರಿಗೆ ಚೊಚ್ಚಲ ಹೆರಿಗೆ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನದ್ದು. ಡಾಕ್ಟರು ಪ್ರಯಾಣ ಬೇಡ ಅಂದರು. ಹಾಗಾಗಿ ತವರೇ ಅಲ್ಲಿಗೆ ಹೋಗಬೇಕು. ತವರು ಅಂದರೆ ಈಗ ನಾನು. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಮೂವತ್ತು ವರ್ಷ ದೋಸೆ ಹುಯ್ದವನು.

೧. ಫ್ರಿಡ್ಜ್

ನಾನು ದೋಸೆ ಹುಯ್ಯುವ ಹೋಟೆಲು ಕಾರ್ಖಾನೆಗಳ ನಡುವೆ, ವಾಗ್ಳೆ ಎಸ್ಟೇಟ್‌ನಲ್ಲಿ. ಅಲ್ಲೊಂದು ಟಿವಿ ಇದೆ. ಗಿರಾಕಿಗಳಿಗೆ ಕ್ರಿಕೆಟ್ ಬೇಕು. ನಾನು ಹವಾಮಾನ ಹಾಕಿಸುತ್ತಿದ್ದೆ.

ಒಂದು ದಿನ ಟಿವಿಯವಳು ಹೇಳಿದಳು. ಉತ್ತರದ ಬಯಲಿನಲ್ಲಿ ಕಡು ಚಳಿ, ಹಿಸಾರ್ ಎರಡು ಡಿಗ್ರಿ, ಅಲ್ಲಲ್ಲಿ ಸ್ವಲ್ಪ ಹಿಮವೂ ಬೀಳಬಹುದು.

ಗಲ್ಲಾದಲ್ಲಿ ಕೂರುವ ಭಟ್ರನ್ನು ಕೇಳಿದೆ. "ಎರಡು ಡಿಗ್ರಿ ಅಂದ್ರೆ ಎಷ್ಟು ಭಟ್ರೇ?"

ಅವರು ಎದ್ದು ಹೋಗಿ ಹಿಟ್ಟು ಇಡುವ ಫ್ರಿಡ್ಜ್ ನೋಡಿ ಬಂದರು. "ನಮ್ಮದು ನಾಲ್ಕು."

"ಹಾಗಾದ್ರೆ?"

"ಅಲ್ಲಿ ತೀರಾ ಚಳಿ ಆದ್ರೆ ಫ್ರಿಡ್ಜ್ ಬಾಗಿಲು ತೆಗೆದು ಒಳಗೆ ಕೂತ್ಕೊಳ್ಳಿ ಮಾರಾಯ್ರೆ. ಸ್ವಲ್ಪ ಬೆಚ್ಚಗಿರ್ತದೆ."

೨. ಲೇಹ್ಯ

ಹೆಂಡತಿಯ ತಂಗಿ ಕುಂದಾಪುರದಲ್ಲಿದ್ದಾಳೆ. ಫೋನು ಮಾಡಿದೆ. "ಬಾಣಂತಿ ಲೇಹ್ಯ ಮಾಡುದು ಹೇಗೆ?"

"ಯಾರು, ನೀವಾ?" ಅಂದಳು. ಮೂಗು ಒರೆಸಿಕೊಂಡ ಸದ್ದು ಬಂತು. ಆಮೇಲೆ ಹೇಳಿದಳು. ಓಮ, ಕಾಳುಮೆಣಸು, ಒಣಶುಂಠಿ, ಬೆಲ್ಲ, ತುಪ್ಪ.

"ಅಳತೆ?"

"ಅಳತೆ ಎಂತದು? ಕೈ ಅಂದಾಜು."

ನನ್ನ ಕೈ ಹೋಟೆಲಿನ ಕೈ. ಅದರ ಅಂದಾಜೇ ಇನ್ನೂರು ಜನರದ್ದು. ಕಾಯಿಸಿ ಇಳಿಸುವಾಗ ಐದು ದೊಡ್ಡ ಡಬ್ಬಿ ತುಂಬಿತು. ಫೋನು ಮಾಡಿ ಹೇಳಿದೆ.

ಅವಳು ಕೇಳಿದಳು, "ಭಾವ, ಒಟ್ಟು ಎಷ್ಟು ಬಾಣಂತಿಯರು?"

೩. ವಾಚ್‌ಮನ್

ನಾನು ಹಿಸಾರಿಗೆ ಹೊರಟ ಸುದ್ದಿ ನಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲಿ ಹಬ್ಬಿತು. ಎಲ್ಲರ ಕಪಾಟಿನಿಂದ ಸ್ವೆಟರು ಹೊರಗೆ ಬಂದವು. ಎಲ್ಲದಕ್ಕೂ ನುಸಿಗುಳಿಗೆ ವಾಸನೆ. ಕೆಳಗಿನ ಮನೆಯ ಧಾರವಾಡದ ಅಕ್ಕ ಮಂಕಿ ಟೋಪಿ ಕೊಟ್ಟಳು. "ತಗೋರಿ, ನಮ್ಮನಿಯವರದು. ಹದಿನೈದು ವರ್ಷ ಆತು ನೋಡ್ರಿ, ಒಮ್ಮೆನೂ ಹಾಕ್ಕೊಂಡಿಲ್ಲ."

ಸರಿಯಾಗುತ್ತದೋ ನೋಡೋಣ ಅಂತ ಮೂರು ಸ್ವೆಟರು, ಟೋಪಿ ಎಲ್ಲ ಹಾಕಿ ಅವಳಿಗೆ ತೋರಿಸಲು ಕೆಳಗಿಳಿದೆ. ಮಧ್ಯಾಹ್ನದ ಬಿಸಿಲು. ಬೆವರು ಸುರಿಯುತ್ತಿತ್ತು. ಗೇಟಿನ ವಾಚ್‌ಮನ್ ಕಳ್ಳನೆಂದು ತಿಳಿದು ಕೋಲು ಹಿಡಿದು ಬಂದ. ಟೋಪಿ ತೆಗೆದೆ.

"ಅರೆ, ಚಾಚಾ!"

ಅವನ ಊರು ಬಿಹಾರ. ಅದೂ ಅದೇ ಉತ್ತರದ ಬಯಲು. ಕೇಳಿದೆ, "ನಿಮ್ಮ ಕಡೆ ಹಿಮ ಬೀಳ್ತದಾ?"

"ಹುಟ್ಟಿದ ಮೇಲೆ ನೋಡಿಲ್ಲ ಚಾಚಾ. ಟಿವಿಯವರು ಬೀಳಿಸ್ತಾರೆ."

ಅವನ ಕುತ್ತಿಗೆಯಲ್ಲೂ ಮಫ್ಲರ್ ಇತ್ತು. "ಅಷ್ಟು ಚಳಿ ಕಂಡವನು ನೀನು. ಇಲ್ಲಿ ಇದು ಯಾಕೆ?"

"ಅಲ್ಲಿಯ ಚಳಿ ಹೇಳಿ ಬರ್ತದೆ," ಅಂದ. "ಮುಂಬಯಿಯದ್ದನ್ನು ನಂಬಲಿಕ್ಕಾಗುದಿಲ್ಲ."

೪. ಎಣ್ಣೆ

ಮಂಜಿಗೆ ರೈಲು ಒಂದು ಹಗಲು ತಡ. ಮೊಮ್ಮಗಳು ಕಾಯಲಿಲ್ಲ. ನಾನು ಮುಟ್ಟುವ ಹಿಂದಿನ ದಿನವೇ ಬಂದಿದ್ದಳು. ಆಪರೇಷನ್ ಆಗಿತ್ತು. ನಾಲ್ಕನೇ ದಿನ ಮನೆಗೆ ಕರೆತಂದರು.

ಮಗುವಿಗೆ ಮೊದಲ ಎಣ್ಣೆ ತವರಿನವರೇ ಹಚ್ಚಬೇಕು. ನನ್ನ ಹೆಂಡತಿ ಡೊಂಬಿವಲಿಯಲ್ಲಿ ಎಷ್ಟೋ ಮನೆಯ ಮಕ್ಕಳಿಗೆ ಹಚ್ಚಿದವಳು. ಇದೊಂದು ನನ್ನ ಪಾಲಿಗೆ ಉಳಿಯಿತು. ಊರಿನ ಗಾಣದ ತೆಂಗಿನೆಣ್ಣೆ ತರಿಸಿ, ಚೆಲ್ಲಬಾರದೆಂದು ಸಪೂರ ಬಾಯಿಯ ಬಾಟಲಿಗೆ ಹಾಕಿ ತಂದಿದ್ದೆ.

ತೆಗೆದು ನೋಡಿದರೆ ಕಲ್ಲು. ಬಗ್ಗಿಸಿದೆ. ಬರಲಿಲ್ಲ. ಕುಲುಕಿದೆ. ಸದ್ದೂ ಇಲ್ಲ.

ನನಗೇನೂ ಗಾಬರಿಯಾಗಲಿಲ್ಲ. ಡೊಂಬಿವಲಿಯಲ್ಲೂ ಡಿಸೆಂಬರಿನಲ್ಲಿ ಒಮ್ಮೊಮ್ಮೆ ಗಟ್ಟಿಯಾಗುತ್ತದೆ. ಕಿಟಕಿಯಲ್ಲಿಟ್ಟರೆ ಹತ್ತು ಗಂಟೆಗೆ ನೀರು. ಹಿಸಾರಿನಲ್ಲೂ ಕಿಟಕಿಯಲ್ಲಿಟ್ಟೆ. ಎದುರು ಕುರ್ಚಿ ಹಾಕಿ ಕೂತೆ. ಹತ್ತಾಯಿತು. ಹನ್ನೆರಡಾಯಿತು. ಸೂರ್ಯ ಇಲ್ಲ. ಮರುದಿನವೂ ಕೂತೆ. ಮಂಜು ಬಿಟ್ಟು ಬೇರೆ ಏನೂ ಕಾಣಲಿಲ್ಲ. ಎಣ್ಣೆ ಇನ್ನೂ ಬೆಳ್ಳಗಾಯಿತು. ಆಚೆ ಕೋಣೆಯಲ್ಲಿ ಮಗು ಅಳುತ್ತಿತ್ತು. ಈ ಒಂದು ಕೆಲಸವೂ ನನ್ನಿಂದ ಆಗುವುದಿಲ್ಲ ಅಂತ ಕಂಡಿತು.

ಮೂರನೇ ದಿನ ಬೀಗಿತಿ ಬಂದು ನಿಂತರು. ಅಳಿಯನ ತಾಯಿ, ಕಡಿಮೆ ಮಾತಿನವರು. ಬಾಟಲಿ ಎತ್ತಿ ನೋಡಿದರು. ನನ್ನನ್ನೂ ನೋಡಿದರು. ಬೀಗರಿಗೆ ಅವರ ಕಡೆ ಸಮಧೀಜಿ ಅನ್ನುತ್ತಾರೆ.

"ಸಮಧೀಜಿ, ಹಿಮ ಬೀಳ್ತದೆ ಅಂತ ಟಿವಿ ವಾರದಿಂದ ಹೇಳ್ತಿದೆ. ಇಡೀ ಹಿಸಾರಿನಲ್ಲಿ ಬಿದ್ದದ್ದು ನಿಮ್ಮ ಬಾಟಲಿಯಲ್ಲಿ ಮಾತ್ರ."

ನಾನು ಬಿಸಿಲು ಕಾಯುತ್ತಿದ್ದೇನೆ ಅಂದೆ.

"ಹೋಳಿಯವರೆಗೆ ಕೂರ್ತೀರಾ?" ಅಂದರು. "ಮುಂಬಯಿಯಲ್ಲಿ ನಿಮಗೆ ಏನು ಕೆಲಸ?"

"ಮೂವತ್ತು ವರ್ಷದಿಂದ ಒಲೆ ಮುಂದೆ."

ಅವರು ಒಳಗೆ ಹೋಗಿ ಒಂದು ಪಾತ್ರೆ ಬಿಸಿನೀರು ತಂದು ನನ್ನ ಮುಂದಿಟ್ಟರು. ಬಾಟಲಿ ಅದರಲ್ಲಿಟ್ಟರು.

ಆಚೆ ಕೋಣೆಯ ಮಂಚದಿಂದ ಸದ್ದು ಬಂತು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ತಾಯಿ ಹೋದ ಮೇಲೆ ಆ ನಗು ಕೇಳಿರಲಿಲ್ಲ.

"ಅಪ್ಪಯ್ಯ, ಬೇಗ ಹಚ್ಚಿ ಮುಗಿಸಿ," ಅಂದಳು. "ನೀವು ಇನ್ನೆರಡು ದಿನ ಹೀಗೇ ಬಾಣಂತನ ಮಾಡಿದ್ರೆ ನನ್ನ ಹೊಲಿಗೆ ಬಿಡ್ತದೆ."